ಮನೆಯ ಬರ್ಗರ್: ಹಲಾಲ್ ಎಂದರೆ ಅಷ್ಟೇ ಸಾಕೇ?

ಬೀದರ್ ನಗರದಲ್ಲಿ ಮಾತ್ರವಲ್ಲ, ಭಾಲ್ಕಿ, ಔರಾದ್‌ಗಳಲ್ಲಿಯೂ ಇಂದಿನ ಮಕ್ಕಳಿಗೆ ಬರ್ಗರ್ ಹೊಸ ತಿನಿಸಾಗಿ ಉಳಿದಿಲ್ಲ. ಅವರು ಕೇಳುತ್ತಾರೆ, ನಾವು ಅಂಗಡಿಯ ಮೇಲೆ ‘ಹಲಾಲ್’ ಎಂಬ ಫಲಕವಿದೆಯೇ ಎಂದು ನೋಡಿ ಕೊಡಿಸುತ್ತೇವೆ. ಅಲ್ಲಿಗೆ ನಮ್ಮ ಹೊಣೆ ಮುಗಿಯಿತೆಂದು ನೆಮ್ಮದಿಪಡುತ್ತೇವೆ. ಹೊಣೆ ನಿಜವಾಗಿಯೂ ಅಲ್ಲಿಗೆ ಮುಗಿಯುತ್ತದೆಯೇ?

ಪವಿತ್ರ ಕುರ್‌ಆನ್ ಆಹಾರದ ಕುರಿತು ಹೇಳುವಾಗ ಹಲಾಲ್ ಎಂಬ ಪದದ ಜೊತೆಗೆ ತಯ್ಯಿಬ್ ಎಂಬ ಪದವನ್ನೂ ಸೇರಿಸಿದೆ (ಅಲ್ ಬಕರಃ: 168). ಧರ್ಮಸಮ್ಮತವಾದುದು ಶುದ್ಧವೂ ಆರೋಗ್ಯಕರವೂ ಆಗಿರಬೇಕು. ಎಂದೋ ಕಲಸಿಟ್ಟ ಮಾಂಸವನ್ನು ಮತ್ತೆ ಮತ್ತೆ ಕಾದ ಎಣ್ಣೆಯಲ್ಲಿ ಕರಿದು ಕೊಟ್ಟರೆ ಮೊದಲ ಷರತ್ತು ಪೂರೈಸೀತು, ಎರಡನೆಯದು ಪೂರೈಸದು. ಆದ್ದರಿಂದಲೇ ಬರ್ಗರ್ ಬೇಕೆನ್ನುವ ಮಗುವಿಗೆ ಅದನ್ನು ಮನೆಯಲ್ಲೇ ಮಾಡಿಕೊಡುವುದು ಒಳ್ಳೆಯದೆಂದು ನಾವು ಭಾವಿಸುತ್ತೇವೆ.

ಮಾಂಸ ಎಲ್ಲಿಂದ ಬಂತೆಂಬುದು ಮುಂದಿನ ಪ್ರಶ್ನೆ. ಕರ್ನಾಟಕದಲ್ಲಿ 2021ರ ಜನವರಿಯಿಂದ ಜಾರಿಯಲ್ಲಿರುವ ಕಾಯ್ದೆಯು ಹಸು, ಕರು, ಹೋರಿ, ಎತ್ತುಗಳ ವಧೆಯನ್ನು ನಿಷೇಧಿಸಿದೆ. 13 ವರ್ಷ ಮೀರಿದ ಎಮ್ಮೆ ಕೋಣಗಳಿಗೆ ಮಾತ್ರ, ಅದೂ ಅಧಿಕೃತ ಪ್ರಮಾಣಪತ್ರದೊಂದಿಗೆ, ಅನುಮತಿಯಿದೆ. ಈ ಕಾಯ್ದೆಯ ಬಗ್ಗೆ ನಮಗೆ ಭಿನ್ನಾಭಿಪ್ರಾಯವಿರಬಹುದು. ಮುದಿ ಎತ್ತನ್ನು ಮಾರಲಾಗದ ರೈತನ ಸಂಕಟವೂ ಅದರಲ್ಲಿದೆ. ಅದನ್ನು ಶಾಸನಸಭೆಯ ಮುಂದೆ, ನ್ಯಾಯಾಲಯದ ಮುಂದೆ ಹೇಳುವ ಹಕ್ಕು ನಮಗಿದೆ. ಆದರೆ ಕದ್ದುಮುಚ್ಚಿ ತಂದು ತಿನ್ನುವುದು ಹಕ್ಕಿನ ರಕ್ಷಣೆಯಲ್ಲ. ಜಾನುವಾರುಗಳ ಮಾಂಸ ನಮಗೆ ಹಲಾಲ್ ಎಂದು ತಿಳಿಸುವ ಅಲ್ ಮಾಇದಃ ಅಧ್ಯಾಯದ ಮೊದಲ ಸೂಕ್ತವು ಆರಂಭವಾಗುವುದೇ ಕರಾರುಗಳನ್ನು ಪಾಲಿಸಿರಿ ಎಂಬ ಆಜ್ಞೆಯಿಂದ. ನಾಡಿನ ಪ್ರಜೆಗಳಾಗಿ ಬದುಕುವುದೂ ಒಂದು ಕರಾರೇ ಅಲ್ಲವೇ? ಪರವಾನಗಿಯಿರುವ ಅಂಗಡಿಯಿಂದಲೇ ಕೊಳ್ಳೋಣ, ಕೇಳಿ ತಿಳಿದು ಕೊಳ್ಳೋಣ.

ವಯಸ್ಸಾದ ಎಮ್ಮೆಯ ಮಾಂಸ ಗಟ್ಟಿ. ಅದಕ್ಕೆ ಖೀಮಾ ತಕ್ಕ ದಾರಿ, ಎರಡು ಬಾರಿ ಅರೆಸಿದರೆ ಇನ್ನೂ ಲೇಸು. ಶಾಮಿ ಕಬಾಬ್ ತಟ್ಟಿ ಬಲ್ಲ ನಮ್ಮ ತಾಯಂದಿರಿಗೆ ಇದು ಹೊಸ ವಿದ್ಯೆಯೇನೂ ಅಲ್ಲ. ಅರ್ಧ ಕಿಲೋ ಖೀಮಾಕ್ಕೆ ಸಣ್ಣಗೆ ಹೆಚ್ಚಿ ನೀರು ಹಿಂಡಿದ ಒಂದು ಈರುಳ್ಳಿ, ಒಂದು ಹಿಡಿ ಕೊತ್ತಂಬರಿ, ಅರ್ಧ ಹಿಡಿ ಪುದೀನ, ಹಸಿಮೆಣಸಿನಕಾಯಿ, ಶುಂಠಿ, ಬೆಳ್ಳುಳ್ಳಿ ಸಾಕು. ಉಪ್ಪನ್ನು ತಟ್ಟಿದ ಮೇಲೆ, ಬೇಯಿಸುವ ಮುನ್ನವಷ್ಟೇ ಹಾಕಿದರೆ ಮಾಂಸ ಬಿಗಿಯುವುದಿಲ್ಲ. ನಡುವೆ ಬೆರಳಿನಿಂದ ಸ್ವಲ್ಪ ಒತ್ತಿದರೆ ಬೇಯುವಾಗ ಉಬ್ಬುವುದಿಲ್ಲ. ಅರೆದ ಮಾಂಸದಲ್ಲಿ ಹೊರಮೈಯ ರೋಗಾಣುಗಳು ಒಳಗೂ ಬೆರೆಯುವುದರಿಂದ ಒಳಭಾಗ 71 ಡಿಗ್ರಿ ಸೆಲ್ಸಿಯಸ್ ಮುಟ್ಟುವವರೆಗೆ ಬೇಯಿಸಬೇಕು. ಪಾವ್ ಒಳಗೆ ಸೌತೆಕಾಯಿ, ಟೊಮ್ಯಾಟೊ, ಮೂಲಂಗಿಯ ಬಿಲ್ಲೆಗಳನ್ನೂ ಪುದೀನ ಬೆರೆಸಿದ ಮೊಸರನ್ನೂ ಇಟ್ಟರೆ ಮಾಂಸ ಕಡಿಮೆಯಾದರೂ ಹೊಟ್ಟೆ ತುಂಬುತ್ತದೆ. ಹೊಟ್ಟೆಯ ಮೂರನೆಯ ಒಂದು ಭಾಗವನ್ನಷ್ಟೇ ಆಹಾರಕ್ಕೆ ಮೀಸಲಿಡಲು ಕಲಿಸಿದ ಪ್ರವಾದಿವರ್ಯರ(ಸ) ಬೋಧನೆಗೆ ಇದು ಹತ್ತಿರವೂ ಹೌದು.

ಕೊನೆಯದಾಗಿ ನೆರೆಯವರು. ಸಾರು ಮಾಡುವಾಗ ನೀರು ಹೆಚ್ಚು ಹಾಕಿ ನೆರೆಯವರನ್ನು ನೆನೆಯಬೇಕೆಂದು ಪ್ರವಾದಿ(ಸ) ಅಬೂದರ್‌ರಿಗೆ(ರ) ಉಪದೇಶಿಸಿದರು. ಬಸವಕಲ್ಯಾಣವಿರುವ ಈ ಜಿಲ್ಲೆಯಲ್ಲಿ ನಮ್ಮ ನೆರೆಯವರಲ್ಲಿ ಮಾಂಸ ಮುಟ್ಟದವರು ಬಹಳ. ಅವರನ್ನು ನೆನೆಯುವುದೆಂದರೆ ಬೇರೆ ಹಂಚಿನಲ್ಲಿ, ಬೇರೆ ಎಣ್ಣೆಯಲ್ಲಿ ಅದೇ ಸೊಪ್ಪು ಹಾಕಿ ಕಡಲೆಯ ಟಿಕ್ಕಿ ಮಾಡಿ ಕೊಡುವುದು. ಕೊಡುವಾಗ ಅದನ್ನು ಮಾಡಿದ ಬಗೆಯನ್ನು ಮುಚ್ಚಿಡದೆ ಹೇಳುವುದು. ಮಾಂಸದ ಚೀಲವನ್ನು, ಎಲುಬನ್ನು ಓಣಿಯಲ್ಲಿ ಎಸೆಯದಿರುವುದು. ದಾರಿಯ ತೊಡಕನ್ನು ಸರಿಸುವುದೂ ವಿಶ್ವಾಸದ ಒಂದು ಭಾಗವೆಂದು ನಂಬುವವರು ನಾವು. ಹೀಗಿರುವಾಗ ದಾರಿಗೆ ತೊಡಕು ನಾವೇ ತರಬಾರದು.

ಪ್ರಾಣಿಯ ಕೊರಳಿನಿಂದ ಆರಂಭವಾಗುವ ಹಲಾಲ್ ನೆರೆಯವನ ಬಾಗಿಲವರೆಗೆ ನಡೆಯಬೇಕು. ನಮ್ಮ ಮಕ್ಕಳು ಒಂದು ಬರ್ಗರಿನಿಂದ ಇಷ್ಟನ್ನು ಕಲಿತರೆ ಆ ಊಟದಲ್ಲಿ ಬರಕತ್ ಇದೆ. ಅಲ್ಲಾಹನು ನಮಗೆ ಶುದ್ಧವಾದುದನ್ನು ಉಣ್ಣುವ, ಹಂಚಿ ಉಣ್ಣುವ ಭಾಗ್ಯವನ್ನು ಕರುಣಿಸಲಿ.