ಹಾರ್ಡ್ ಡಿಸ್ಕ್‌ನಲ್ಲಿದೆ ಎಂಬ ನೆಮ್ಮದಿ

ಕರಾವಳಿಯಲ್ಲಿ ಯಕ್ಷಗಾನದ ಆಟಗಳನ್ನು ವಿಡಿಯೊದಲ್ಲಿ ಹಿಡಿದಿಡುವ ಹವ್ಯಾಸಕ್ಕೆ ಹಲವು ದಶಕಗಳ ವಯಸ್ಸಾಯಿತು. ವಿಎಚ್‌ಎಸ್ ಕ್ಯಾಸೆಟ್‌ನಿಂದ ಮಿನಿ ಡಿವಿಗೆ, ಅಲ್ಲಿಂದ ಮೆಮೊರಿ ಕಾರ್ಡಿಗೆ, ಈಗ ಪ್ರೇಕ್ಷಕರ ಮೊಬೈಲಿಗೆ ಅದು ಬಂದು ನಿಂತಿದೆ. ಮೇಳಗಳ ಅಭಿಮಾನಿಗಳು, ಕಲಾಸಂಘಗಳು, ಊರಿನ ಸ್ಟುಡಿಯೊದವರು ಹೀಗೆ ಕೂಡಿಟ್ಟ ಕ್ಲಿಪ್‌ಗಳ ರಾಶಿ ಸಣ್ಣದಲ್ಲ. ಅದರ ಸ್ಥಿತಿ ಏನೆಂದು ಕೇಳಿದರೆ ಸಿಗುವ ಉತ್ತರ ಹೆಚ್ಚಾಗಿ ಒಂದೇ: ‘ಎಲ್ಲ ಹಾರ್ಡ್ ಡಿಸ್ಕ್‌ನಲ್ಲಿದೆ, ಚಿಂತೆಯಿಲ್ಲ.’ ಚಿಂತೆ ಶುರುವಾಗಬೇಕಾದದ್ದೇ ಈ ಉತ್ತರ ಕೇಳಿದಾಗ.

ಅಂಥ ಒಂದು ಡಿಸ್ಕನ್ನು ತೆರೆದು ನೋಡಿ. ‘ನ್ಯೂ ಫೋಲ್ಡರ್’ ಒಳಗೆ ಇನ್ನೊಂದು ‘ನ್ಯೂ ಫೋಲ್ಡರ್’. ಅದರಲ್ಲಿ 00012.ಎಂಟಿಎಸ್ ಎಂಬ ಫೈಲು. ಪಕ್ಕದ ಫೋಲ್ಡರಿನಲ್ಲಿ ಬೇರೆ ಊರಿನ, ಬೇರೆ ರಾತ್ರಿಯ ಆಟ, ಆದರೆ ಫೈಲಿನ ಹೆಸರು ಅದೇ. ಅನೇಕ ಕ್ಯಾಮೆರಾಗಳ ಎಣಿಕೆ 9999 ಮುಟ್ಟಿದ ಮೇಲೆ ಮತ್ತೆ ಒಂದರಿಂದ ಶುರುವಾಗುತ್ತದೆ. ಕ್ಯಾಮೆರಾದ ಗಡಿಯಾರ ಕೆಟ್ಟಿದ್ದರೆ ಆಟದ ದಿನಾಂಕದ ಜಾಗದಲ್ಲಿ 2000ದ ಜನವರಿ 1 ಕುಳಿತಿರುತ್ತದೆ. ವಾಟ್ಸ್‌ಆ್ಯಪ್ ಹಾದು ಬಂದ ಕ್ಲಿಪ್ ತನ್ನ ಸ್ಪಷ್ಟತೆಯ ಜೊತೆಗೆ ಚಿತ್ರೀಕರಣದ ದಿನವನ್ನೂ ಕಳೆದುಕೊಂಡಿರುತ್ತದೆ. ಕ್ಲಿಪ್ ಓಡಿಸಿದರೆ ರಂಗದಲ್ಲಿ ಕರ್ಣನ ಪ್ರವೇಶ. ವೇಷಧಾರಿ ಯಾರು, ಯಾವ ಮೇಳ, ಯಾವ ಊರು? ಕ್ಯಾಮೆರಾ ಹಿಮ್ಮೇಳದ ಕಡೆ ತಿರುಗಿಯೇ ಇಲ್ಲ, ಭಾಗವತರು ಯಾರು? ಹಿರಿಯ ಪ್ರೇಕ್ಷಕರೊಬ್ಬರನ್ನು ಕೂರಿಸಿದರೆ ಪದ್ಯದ ಎತ್ತುಗಡೆಗೇ ಹೆಸರು ಹೇಳಿಬಿಡುತ್ತಾರೆ. ಆ ಹಿರಿಯರು ಇನ್ನೆಷ್ಟು ಮಳೆಗಾಲ ನಮ್ಮ ನಡುವೆ ಇರುತ್ತಾರೆ ಎಂದು ಯಾರೂ ಯೋಚಿಸುತ್ತಿಲ್ಲ.

ಮುಂದೆ ಆಗುವುದೇನೆಂದು ಊಹಿಸಬೇಕಾಗಿಲ್ಲ, ಹಿಂದೆ ಆಗಿಹೋದದ್ದೇ ಇದೆ. ಗುರುತಿಲ್ಲದ್ದನ್ನು ಯಾರೂ ಹುಡುಕುವುದಿಲ್ಲ. ಜಾಗ ಸಾಲದೆ ಬಂದ ದಿನ ಮೊದಲು ಅಳಿಸುವುದು ಅದನ್ನೇ. 1969ರ ಚಂದ್ರಯಾನದ ನೇರ ದೃಶ್ಯಗಳಿದ್ದ ಮೂಲ ಟೇಪುಗಳಿಗಾಗಿ ವರ್ಷಗಟ್ಟಲೆ ತಡಕಾಡಿದ ನಾಸಾ, ಅವನ್ನು ಅಳಿಸಿ ಮರುಬಳಸಿರುವ ಸಾಧ್ಯತೆಯೇ ಹೆಚ್ಚೆಂದು 2009ರಲ್ಲಿ ಒಪ್ಪಿಕೊಂಡಿತು. ಟಿವಿಯಲ್ಲಿ ಪ್ರಸಾರವಾದ ಪ್ರತಿಗಳಷ್ಟೇ ಉಳಿದವು. ನಮ್ಮಲ್ಲಿ, 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ಒಂದು ಪ್ರತಿಯೂ ಇಂದು ಲಭ್ಯವಿಲ್ಲ. ಎರಡೂ ಕಡೆ ಬೆಲೆ ಗೊತ್ತಾದದ್ದು ಕಳೆದುಕೊಂಡ ಮೇಲೆ.

ಕ್ಯಾಸೆಟ್‌ಗಳ ಗಡುವಂತೂ ಮುಗಿಯುತ್ತ ಬಂದಿದೆ. ಕರಾವಳಿಯ ತೇವಕ್ಕೆ ಟೇಪು ಬೂಷ್ಟು ಹಿಡಿಯುತ್ತದೆ. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ದೊಡ್ಡ ಕಂಪನಿಯಾದ ಜಪಾನಿನ ಫುನಾಯ್ 2016ರಲ್ಲೇ ಆ ಕೆಲಸ ನಿಲ್ಲಿಸಿತು. ಟೇಪಿನಲ್ಲಿರುವುದನ್ನು 2025ರೊಳಗೆ ವರ್ಗಾಯಿಸದಿದ್ದರೆ ಬಹುಪಾಲು ಕೈತಪ್ಪುತ್ತದೆ ಎಂದು ಆಸ್ಟ್ರೇಲಿಯಾದ ರಾಷ್ಟ್ರೀಯ ಚಲನಚಿತ್ರ ಮತ್ತು ಧ್ವನಿ ಸಂಗ್ರಹಾಲಯ ಮೊದಲೇ ಎಚ್ಚರಿಸಿತ್ತು.

ಮಾಡಬೇಕಾದದ್ದು ಕಷ್ಟದ್ದಲ್ಲ. ಫೈಲಿನ ಹೆಸರು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಶುರುವಾಗಲಿ. ಆಗ ಕಾಲಾನುಕ್ರಮ ತಾನಾಗಿಯೇ ಬರುತ್ತದೆ. ಪ್ರತಿ ಕ್ಲಿಪ್‌ಗೆ ಪಟ್ಟಿಯಲ್ಲಿ ಒಂದು ಸಾಲು: ಊರು, ಮೇಳ, ಪ್ರಸಂಗ, ಭಾಗವತರು, ಮದ್ದಳೆ, ಚೆಂಡೆ, ವೇಷಧಾರಿಗಳು, ಚಿತ್ರೀಕರಿಸಿದವರು. ಗುರುತು ಹೇಳಿದವರ ಹೆಸರೂ ಇರಲಿ. ಅನುಮಾನವಿದ್ದರೆ ಅನುಮಾನವೆಂದೇ ಬರೆದಿಡಿ. ಪಟ್ಟಿ ಯಾವ ಕಂಪ್ಯೂಟರಿನಲ್ಲೂ ತೆರೆಯುವಷ್ಟು ಸರಳವಾಗಿರಲಿ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಲ್ಲಿ. ವರ್ಷಕ್ಕೊಮ್ಮೆಯಾದರೂ ಡಿಸ್ಕ್ ತೆರೆದು, ಫೈಲುಗಳು ಕೆಟ್ಟಿಲ್ಲವೆಂದು ಚೆಕ್‌ಸಮ್ ಹಾಕಿ ಖಚಿತಪಡಿಸಿಕೊಳ್ಳಬೇಕು.

ಮುಂದೆ ಕಂಪ್ಯೂಟರೇ ಎಲ್ಲವನ್ನೂ ಗುರುತಿಸುತ್ತದೆ ಎನ್ನುವವರಿದ್ದಾರೆ. ಬಣ್ಣದ ವೇಷದ ಹಿಂದಿರುವ ಕಲಾವಿದರ ಹೆಸರನ್ನು ಯಾರಾದರೂ ಒಮ್ಮೆ ಹೇಳಿಕೊಟ್ಟಿದ್ದರಷ್ಟೇ ಯಂತ್ರ ಅದನ್ನು ಮತ್ತೆ ಹೇಳೀತು. ಹೇಳಿಕೊಡುವವರು ಈಗ ಇದ್ದಾರೆ.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿ ಫಲವಿಲ್ಲ. ಆಟದ ಋತು ಮುಗಿಯುವ ಪತ್ತನಾಜೆಯ ದಿನ ಗೆಜ್ಜೆ ಬಿಚ್ಚಿದ ಮೇಲೆ ತಿರುಗಾಟದ ಮೇಳಗಳಿಗೆ ಮಳೆಗಾಲದ ಬಿಡುವು. ಪ್ರತಿ ಸಂಘವೂ ಆ ತಿಂಗಳುಗಳಲ್ಲಿ ವಾರಕ್ಕೊಂದು ಸಂಜೆ ಹಿರಿಯ ಕಲಾವಿದರನ್ನೂ ಪ್ರೇಕ್ಷಕರನ್ನೂ ಕರೆದು ಕೂರಿಸಿ, ಕ್ಲಿಪ್ ತೋರಿಸಿ, ಹೆಸರುಗಳನ್ನು ಬರೆದುಕೊಳ್ಳಲಿ. ಇದನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಬೇಡಿ.