ಹೊಟ್ಟೆನೋವಿಗೆಲ್ಲ ‘ಗ್ಯಾಸ್ಟ್ರಿಕ್’ ಅಂದುಬಿಟ್ಟರೆ ಹೇಗೆ?

ತುಮಕೂರು, ಗುಬ್ಬಿ, ಕುಣಿಗಲ್ ಯಾವ ಪೇಟೆಗೆ ಹೋದರೂ ಬ್ಯಾಟರಿ ಅಂಗಡಿ, ಗುಜರಿ ಅಂಗಡಿ ಇದ್ದೇ ಇರುತ್ತವೆ. ಆಟೊ, ಟ್ರ್ಯಾಕ್ಟರ್, ಯುಪಿಎಸ್‌ನ ಹಳೇ ಬ್ಯಾಟರಿಗಳೆಲ್ಲ ಅಲ್ಲಿಗೇ ಬರುತ್ತವೆ. ಅವನ್ನು ಬಿಚ್ಚುವ ಹುಡುಗ ಹೊಟ್ಟೆ ಹಿಡಿದುಕೊಂಡು ಡಾಕ್ಟರ ಹತ್ತಿರ ಹೋದರೆ ಸಿಗುವುದು ಗ್ಯಾಸ್ಟ್ರಿಕ್ ಮಾತ್ರೆ, ಜೊತೆಗೆ ‘ಖಾರ ಕಮ್ಮಿ ಮಾಡು’ ಅನ್ನೋ ಬುದ್ಧಿಮಾತು. ‘ಏನು ಕೆಲಸ ಮಾಡ್ತೀಯಪ್ಪ?’ ಅಂತ ಕೇಳುವವರು ಅಪರೂಪ. ನಮ್ಮ ತಕರಾರು ಇರುವುದೇ ಇಲ್ಲಿ.

ಬ್ಯಾಟರಿಯೊಳಗಿನ ಸೀಸ, ಅಂದರೆ ಲೆಡ್, ಒಡೆಯುವಾಗ ದೂಳಾಗಿ, ಕರಗಿಸುವಾಗ ಹೊಗೆಯಾಗಿ ಮೈ ಸೇರುತ್ತದೆ. ವರ್ಷಗಟ್ಟಲೆ ಮೂಳೆಯಲ್ಲಿ ಕೂರುತ್ತದೆ. ಆಮೇಲೆ ಕರುಳು ಹಿಂಡಿದಂಥ ನೋವು ಬಂದು ಬಂದು ಹೋಗುತ್ತದೆ. ಮಲಬದ್ಧತೆ, ರಕ್ತಹೀನತೆ, ಸುಸ್ತು, ಕೀಲುನೋವು ಜೊತೆಯಾಗುತ್ತವೆ. ಕೆಲವರಿಗೆ ವಸಡಿನ ಅಂಚಲ್ಲಿ ನೀಲಿ ಗೆರೆ ಮೂಡುತ್ತದೆ. ಸ್ಕ್ಯಾನಿಂಗ್‌ನಲ್ಲಿ ಏನೂ ಕಾಣದೆ ಇರಬಹುದು. ಅಪೆಂಡಿಕ್ಸ್ ಅಂದುಕೊಂಡು ಹೊಟ್ಟೆ ಕೊಯ್ದದ್ದೂ ಉಂಟು.

ಇದು ಹೊಸ ವಿಷಯವೇನಲ್ಲ. ಇಲ್ಲಿಂದ 70 ಕಿ.ಮೀ. ದೂರದ ಬೆಂಗಳೂರಲ್ಲಿ, ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಸೀಸದ ವಿಷದ ವಿರುದ್ಧ ವರ್ಷಗಟ್ಟಲೆ ದನಿ ಎತ್ತಿದವರು. ಭಾರತದ ಸುಮಾರು 27.5 ಕೋಟಿ ಮಕ್ಕಳ ರಕ್ತದಲ್ಲಿ ಸೀಸ ಮಿತಿ ಮೀರಿದೆ ಎಂದು 2020ರಲ್ಲೇ ಯುನಿಸೆಫ್ ಅಂದಾಜು ಮಾಡಿತ್ತು. ಆದರೂ ನಮ್ಮ ತಾಲೂಕುಗಳಲ್ಲಿ ಇದು ಮಾತೇ ಆಗಿಲ್ಲ.

‘ಬಡವರ ಹೊಟ್ಟೆ ಮೇಲೆ ಹೊಡೀತೀರಾ?’ ಅಂತ ಕೇಳುವವರಿದ್ದಾರೆ. ಅಂಗಡಿ ಮುಚ್ಚಿ ಅಂತ ನಾವು ಹೇಳುತ್ತಿಲ್ಲ. ಹಳೇ ಬ್ಯಾಟರಿ ನೋಂದಾಯಿತ ಮರುಬಳಕೆದಾರರಿಗೇ ಹೋಗಬೇಕೆಂದು 2022ರ ನಿಯಮ ಹೇಳುತ್ತದೆ. ಅದನ್ನು ಪಾಲಿಸಿ, ಹಿತ್ತಲಲ್ಲಿ ಸೀಸ ಕರಗಿಸುವುದು ನಿಲ್ಲಿಸಿ, ಅಷ್ಟೇ. ಬಡವನ ಹೊಟ್ಟೆ ಮೇಲೆ ನಿಜವಾಗಿ ಹೊಡೆಯುತ್ತಿರುವುದು ಆ ಸೀಸ.

ಡಾಕ್ಟರು ಕೇಳದಿದ್ದರೆ ನೀವೇ ಹೇಳಿ: ‘ಬ್ಯಾಟರಿ ಕೆಲಸ ಮಾಡ್ತೀನಿ, ರಕ್ತದಲ್ಲಿ ಲೆಡ್ ಎಷ್ಟಿದೆ ನೋಡಿ ಸಾರ್.’ ಭಸ್ಮ ತಿನ್ನುತ್ತಿದ್ದರೆ ಅದನ್ನೂ ಹೇಳಿ. ನಾಗಭಸ್ಮ ಅಂದರೆ ಸೀಸದ್ದೇ. ಬೆಲ್ಲ ತಿಂದರೆ, ಹಾಲು ಕುಡಿದರೆ ಸೀಸ ಇಳಿಯುವುದಿಲ್ಲ. ಮೊದಲು ಸೀಸದಿಂದ ದೂರ ಆಗಬೇಕು, ಆಮೇಲೆ ಔಷಧಿ. ಕೆಲಸದ ಬಟ್ಟೆ ಬದಲಿಸಿ, ಸ್ನಾನ ಮಾಡದೆ ಮಗುವನ್ನು ಎತ್ತಿಕೊಳ್ಳಬೇಡಿ.

ಆಸ್ಪತ್ರೆಗಳಿಗೆ ನಮ್ಮದು ಎರಡೇ ಬೇಡಿಕೆ. ಹೊಟ್ಟೆನೋವು ಅಂತ ಬಂದವರ ಕಸುಬು ಕೇಳಿ ಚೀಟಿಯಲ್ಲಿ ಬರೆಯಿರಿ. ಅನುಮಾನ ಬಂದರೆ ತಾಲೂಕು ಆಸ್ಪತ್ರೆಯಲ್ಲೇ ರಕ್ತ ತೆಗೆದು ಪರೀಕ್ಷೆಗೆ ಕಳಿಸಿ. ದಿನಗೂಲಿಯವನನ್ನು ಬೆಂಗಳೂರಿಗೆ ಅಲೆಸಬೇಡಿ.