ತೀರ್ಪುಗಾರನ ಕಾಲು

ಆಟದ ಬಯಲಿನಲ್ಲಿ ಅತಿ ಹೆಚ್ಚು ಬೈಗುಳ ತಿನ್ನುವವನು ಸೋತವನಲ್ಲ, ಸೀಟಿ ಹಿಡಿದವನು. ಅವನ ಕಣ್ಣನ್ನು ಜರೆಯುವವರುಂಟು, ನ್ಯಾಯಬುದ್ಧಿಯನ್ನು ಶಂಕಿಸುವವರುಂಟು; ಅವನ ಕಾಲಿನ ಕಡೆಗೆ ನೋಡುವವರು ಮಾತ್ರ ವಿರಳ.

ಮಗಳ ಮನೆಗೆಂದು ಸಿಡ್ನಿಗೆ ಹೋಗಿದ್ದಾಗ ಅಳಿಯಂದಿರು ನನ್ನನ್ನು ಒಂದು ರಗ್ಬಿ ಲೀಗ್ ಪಂದ್ಯಕ್ಕೆ ಕರೆದೊಯ್ದರು. ಟೆಲಿವಿಷನ್ನಿನಲ್ಲಿ ಚೆಂಡನ್ನಷ್ಟೇ ಕಂಡಿದ್ದ ನನಗೆ, ಎತ್ತರದ ಮೆಟ್ಟಿಲ ಮೇಲೆ ಕುಳಿತಾಗ ರೆಫರಿ ಕಂಡನು.

ಈ ಆಟದಲ್ಲಿ ಪಕ್ಷಕ್ಕೆ 13 ಜನ. ಚೆಂಡು ಹಿಡಿದವನನ್ನು ಎದುರಾಳಿಗಳು ಕೆಡಹಿದರೆ ಅವನು ಎದ್ದು, ಚೆಂಡನ್ನು ನೆಲಕ್ಕಿಟ್ಟು ಕಾಲಿನಿಂದ ಹಿಂದಕ್ಕೆ ಉರುಳಿಸಬೇಕು. ಆರು ಸಲ ಹೀಗಾದರೆ ಚೆಂಡು ಎದುರು ಪಕ್ಷದ ಪಾಲು. ಪ್ರತಿ ಸಲವೂ, ಬಿದ್ದವನ ಇದಿರಿಗೆ ನಿಲ್ಲುವ ಒಬ್ಬಿಬ್ಬರ ಹೊರತು, ರಕ್ಷಕರೆಲ್ಲ 10 ಮೀಟರು ಹಿಂದೆ ಸರಿಯಬೇಕು. ಆ ಗೆರೆ ಆಟದೊಡನೆ ಚಲಿಸುವ ಗೆರೆ. ರೆಫರಿ ಎಲ್ಲಿ ನಿಂತನೋ ಅಲ್ಲಿಯೇ ಅದು, ಗೆರೆಯೆಂದರೆ ಅವನೇ. ಮುಖ ಚೆಂಡಿನ ಕಡೆಗೆ, ಹೆಜ್ಜೆ ಹಿಂದಕ್ಕೆ: ಎಂಬತ್ತು ನಿಮಿಷವೂ ಹೀಗೆಯೇ. ಚೆಂಡನ್ನು ದೂರಕ್ಕೆ ಒದ್ದರೋ, ಆ ಕ್ಷಣವೇ ತಿರುಗಿ ಓಡಬೇಕು.

ಇಲ್ಲಿಯೇ ಇಕ್ಕಟ್ಟು. ಕಪಟ ನಡೆಯುವ ಸ್ಥಳಗಳು ಎರಡು. ಬಿದ್ದವನನ್ನು ಏಳಗೊಡದೆ ಅದುಮುವ ಕೈ ಒಂದೆಡೆ; ಗೆರೆಗಿಂತ ಮೊದಲೇ ಮುನ್ನುಗ್ಗುವ ಕಾಲು ಇನ್ನೊಂದೆಡೆ. ನಡುವೆ 10 ಮೀಟರು. ಮೊದಲು 5 ಇದ್ದ ಈ ಅಂತರವನ್ನು 1993ರಲ್ಲಿ ಇಮ್ಮಡಿಗೊಳಿಸಿದರು. ಆಟಕ್ಕೆ ಬಯಲು ದೊರೆಯಿತು, ನಿಜ. ತೀರ್ಪುಗಾರನಿಗೆ ದೂರ ದೊರೆಯಿತು.

ಆಸ್ಟ್ರೇಲಿಯದ ರಾಷ್ಟ್ರೀಯ ಲೀಗಿನವರು 2009ರಲ್ಲಿ ಇಬ್ಬರು ರೆಫರಿಗಳನ್ನು ನೇಮಿಸಿದರು: ಒಬ್ಬನು ಬಿದ್ದವನ ಬಳಿ, ಇನ್ನೊಬ್ಬನು ಗೆರೆಯ ಮೇಲೆ. ಸಾಂಕ್ರಾಮಿಕದ ವಿರಾಮ ಮುಗಿದು 2020ರ ಮೇ ತಿಂಗಳಲ್ಲಿ ಆಟ ಮರಳಿ ಆರಂಭವಾದಾಗ ಒಬ್ಬನನ್ನು ಬಿಟ್ಟರು. ವೆಚ್ಚದ ಉಳಿತಾಯವೂ ಅದಕ್ಕೊಂದು ಕಾರಣವಾಗಿತ್ತು. ಎರಡು ಸೀಟಿಗಳಿದ್ದರೆ ಎರಡು ಮನಸ್ಸು ಎಂಬ ಆಕ್ಷೇಪಣೆಯನ್ನು ನಾನು ಅಲ್ಲಗಳೆಯುವುದಿಲ್ಲ. ಒಬ್ಬನ ತೀರ್ಪಿಗೆ ಒಂದು ಹದವಿರುತ್ತದೆ. ಆದರೆ ಹದವೆಂಬುದು ಕಣ್ಣಿಗೆ ಬದಲಾಗಲಾರದು.

ಅಂದು ನಾವು ಕುಳಿತ ಕಡೆಯಲ್ಲಿಯೇ ಒಬ್ಬ ರಕ್ಷಕ ಬಿದ್ದವನ ಭುಜವನ್ನು ಅದುಮಿ ಹಿಡಿದ. ಸೀಟಿ ಕೇಳಲಿಲ್ಲ. ಸುತ್ತಲಿನವರೆಲ್ಲ ಎದ್ದು ಕೂಗಿದರು. ನಾಚಿಕೆಯಿಂದ ಹೇಳುತ್ತೇನೆ, ಆಟದ ಓನಾಮವನ್ನೂ ಅರಿಯದ ನಾನೂ ಕೂಗಿದೆ. ಅಳಿಯಂದಿರು ಮೆಲ್ಲನೆ, “ಮಾವ, ಆಗ ಅವನ ಕಣ್ಣು ಗೆರೆಯ ಮೇಲಿತ್ತು” ಎಂದರು. ನಾನು ಕುಳಿತೆ. ಅವನು ಕುರುಡನಾಗಿರಲಿಲ್ಲ, ಒಬ್ಬನಾಗಿದ್ದನು, ಅಷ್ಟೆ. ಎತ್ತರದಲ್ಲಿ ಕುಳಿತ ನನಗೆ ಎರಡು ಸ್ಥಳಗಳೂ ಕಾಣುತ್ತಿದ್ದುದು ನನ್ನ ಜಾಣ್ಮೆಯಿಂದಲ್ಲ, ಟಿಕೀಟಿನಿಂದ.

ತೀರ್ಪು ತಪ್ಪಿದಾಗ ಕೇಳಬೇಕಾದ ಮೊದಲ ಪ್ರಶ್ನೆ “ಅವನೇಕೆ ಕಾಣಲಿಲ್ಲ?” ಎಂಬುದಲ್ಲ, “ಅವನೆಲ್ಲಿ ನಿಂತಿದ್ದ? ಅಲ್ಲಿ ನಿಲ್ಲಬೇಕಾದುದು ಸರಿಯೆ?” ಎಂಬುದು. ಸೋಮಾರಿತನದಿಂದ ತಪ್ಪು ಜಾಗದಲ್ಲಿ ನಿಂತಿದ್ದರೆ ದೂಷಿಸೋಣ. ನಿಯಮವೇ ಅವನನ್ನು ಅಲ್ಲಿ ನಿಲ್ಲಿಸಿದ್ದರೆ ದೂರು ಸಲ್ಲಬೇಕಾದದ್ದು ನಿಯಮ ಮಾಡಿದವರಿಗೆ. ಎರಡನೆಯವನ ಸಂಬಳವನ್ನು ಉಳಿಸಿಕೊಂಡವರು, ಇಬ್ಬರ ಕೆಲಸ ಹೊತ್ತವನನ್ನು ಬೈಯುವ ಹಕ್ಕನ್ನಾದರೂ ಬಿಟ್ಟುಕೊಡಬೇಕು.